ಎಲ್ಲವನ್ನೂ ಅಳಿಸುವ ಮುನ್ನ

ಪಾಸ್‌ವರ್ಡ್ ಸರಿಯಾಗಿಯೇ ಇದೆ. ಆದರೂ ಪರದೆ ಕ್ಷಣಕಾಲ ಕಪ್ಪಾಗಿ ಮತ್ತೆ ಅದೇ ಲಾಗಿನ್ ಪುಟಕ್ಕೆ ಮರಳುತ್ತದೆ. ಲಿನಕ್ಸ್ ಬಳಸುವವರಿಗೆ ಈ ತೊಂದರೆ ಅಪರಿಚಿತವಲ್ಲ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಕೊನೆಗೊಂಡ ಬಳಿಕ ಹಳೆಯ ಯಂತ್ರಗಳಿಗೆ ಲಿನಕ್ಸ್ ಹಾಕಿಸಿಕೊಂಡವರಿಗೂ ಇದು ಎದುರಾಗಬಹುದು. ಆಗ ಸುಲಭವಾಗಿ ದೊರೆಯುವ ಸಲಹೆ ಒಂದೇ: ಫಾರ್ಮ್ಯಾಟ್ ಮಾಡಿಸಿ. ಈ ಸಲಹೆಯನ್ನು ಕೊನೆಯದಾಗಿ ಮಾತ್ರ ಒಪ್ಪಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಏಕೆಂದರೆ ಅದರೊಡನೆ ವರ್ಷಗಳ ಮಳೆಯ ದಾಖಲೆ, ಸಂಘದ ಲೆಕ್ಕಪತ್ರ, ಮಕ್ಕಳ ಬರಹಗಳೂ ಅಳಿಸಿಹೋಗುತ್ತವೆ.

ಅಡಿಕೆ ಮರದ ಸೋಗೆ ಹಳದಿಯಾದೊಡನೆ ನಾವು ಕೊಡಲಿ ಹಿಡಿಯುವುದಿಲ್ಲ. ಒಂದೇ ಮರವೋ, ತೋಟವೆಲ್ಲವೋ ಎಂದು ನೋಡುತ್ತೇವೆ. ಬಸಿಗಾಲುವೆ ಕಟ್ಟಿದೆಯೇ ಎಂದು ಪರೀಕ್ಷಿಸುತ್ತೇವೆ. ಕಂಪ್ಯೂಟರಿಗೂ ಇದೇ ವಿವೇಕ ಸಲ್ಲುತ್ತದೆ.

ಕಂಟ್ರೋಲ್, ಆಲ್ಟ್, ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಸಾಮಾನ್ಯವಾಗಿ ಅಕ್ಷರಗಳಷ್ಟೇ ಇರುವ ಲಾಗಿನ್ ತೆರೆಯುತ್ತದೆ. ಅಲ್ಲಿ ಪ್ರವೇಶ ದೊರೆತರೆ ಪಾಸ್‌ವರ್ಡೂ ಖಾತೆಯೂ ಸರಿಯಾಗಿವೆ. ದೋಷವಿರುವುದು ಚಿತ್ರಾತ್ಮಕ ಸೆಷನ್ನಿನಲ್ಲಿ ಎಂದರ್ಥ. ಮುಂದೆ ಡಿಎಫ್ ಆದೇಶದಿಂದ ಡಿಸ್ಕಿನ ಜಾಗ ನೋಡಬೇಕು. ಡಿಸ್ಕ್ ತುಂಬಿದ್ದರೆ ಸೆಷನ್ ತನ್ನ ಚಿಕ್ಕ ಕಡತಗಳನ್ನೂ ಬರೆಯಲಾರದೆ ಕುಸಿಯುತ್ತದೆ. ಇಎಕ್ಸ್‌ಟಿ4 ಕಡತ ವ್ಯವಸ್ಥೆ ಸಾಮಾನ್ಯವಾಗಿ ಶೇ. 5ರಷ್ಟು ಜಾಗವನ್ನು ರೂಟ್‌ಗೆಂದು, ಅಂದರೆ ಆಡಳಿತ ಖಾತೆಗೆಂದು, ಕಾಯ್ದಿರಿಸುತ್ತದೆ. ಆದುದರಿಂದ ತುಂಬಿದ ಡಿಸ್ಕನ್ನೂ ಒಳಗಿನಿಂದಲೇ ಶುಚಿಗೊಳಿಸಬಹುದು.

ಜಾಗವಿದ್ದರೆ ಕಡತಗಳ ಒಡೆತನ ನೋಡಬೇಕು. ಎಕ್ಸ್11 ಸೆಷನ್‌ಗಳಲ್ಲಿ, ಸುಡೋ ಬಳಸಿ ಚಿತ್ರಾತ್ಮಕ ತಂತ್ರಾಂಶ ನಡೆಸಿದಾಗ, ಮನೆ ಕಡತಕೋಶದ 'ಎಕ್ಸ್ಆಥಾರಿಟಿ' ಎಂಬ ಅಡಗು ಕಡತ ರೂಟ್‌ನ ಪಾಲಾಗುವುದುಂಟು. ಒಡೆತನವನ್ನು ಚೌನ್ ಆದೇಶದಿಂದ ಹಿಂದಿರುಗಿಸಿದರೆ ಸಾಕು. ಅದೂ ಕಾರಣವಲ್ಲವಾದರೆ ಹೊಸ ಬಳಕೆದಾರ ಖಾತೆಯೊಂದನ್ನು ತೆರೆದು ನೋಡಿ. ಇದು ಪಕ್ಕದ ಮರವನ್ನು ನೋಡಿದಂತೆ. ಹೊಸ ಖಾತೆ ತೆರೆದುಕೊಂಡರೆ ಹಳೆಯ ಖಾತೆಯ ಸಿದ್ಧತೆಗಳಲ್ಲಿ ದೋಷವಿದೆ. ಅದೂ ಹಿಂದಕ್ಕೆ ಮರಳಿದರೆ ಗ್ರಾಫಿಕ್ಸ್ ಡ್ರೈವರ್ ಅಥವಾ ಲಾಗಿನ್ ವ್ಯವಸ್ಥೆಯನ್ನು ಸಂಶಯಿಸಬೇಕು. ಜರ್ನಲ್‌ಸಿಟಿಎಲ್ ಆದೇಶ ತೋರಿಸುವ ದಾಖಲೆಯಲ್ಲಿ ಸುಳಿವು ಸಿಗುತ್ತದೆ.

ಇಷ್ಟೆಲ್ಲ ತಾಳ್ಮೆ ಯಾರಿಗಿದೆ ಎಂದು ಕೇಳಬಹುದು. ಆದರೆ ಕಾರಣ ತಿಳಿಯದ ದುರಸ್ತಿ ದುರಸ್ತಿಯೇ ಅಲ್ಲ. ಡಿಸ್ಕನ್ನು ತುಂಬಿಸಿದ ಅಭ್ಯಾಸ ಹಾಗೆಯೇ ಉಳಿದರೆ ಫಾರ್ಮ್ಯಾಟ್ ಆದ ಯಂತ್ರವೂ ಮತ್ತೆ ತುಂಬುತ್ತದೆ. ಡಿಸ್ಕೇ ಕೆಟ್ಟಿದ್ದರೆ ಬದಲಿಸುವುದು ಅನಿವಾರ್ಯ, ನಿಜ. ಆಗಲೂ ಪೆನ್‌ಡ್ರೈವಿನಿಂದ ಲಿನಕ್ಸ್ ನಡೆಸಿ ಓದಬಲ್ಲ ಕಡತಗಳನ್ನು ಮೊದಲು ನಕಲಿಸಿಕೊಳ್ಳಬೇಕು.

ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟೆ: ಶಾಲೆಯ ಕಂಪ್ಯೂಟರಿನ ಪಕ್ಕದಲ್ಲಿ ಒಂದು ನೋಟ್‌ಪುಸ್ತಕವಿರಲಿ. ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ದಿನಾಂಕದೊಡನೆ ಬರೆದಿಡಿ. ಮುಂದಿನ ಬಾರಿ ಪರದೆ ಕಪ್ಪಾದಾಗ ನಿಮ್ಮ ಕಿರಿಯರು ಮೊದಲು ಅದನ್ನೇ ತೆರೆಯುತ್ತಾರೆ.