ಎಐ ಪಾಠ ಮುಗಿದಿದೆ, ಫೈಲ್ ಎಲ್ಲಿ ಸೇವ್ ಆಯ್ತು ಗೊತ್ತಿಲ್ಲ: ಡಿಗ್ರಿ ಮೊದಲ ವರ್ಷದ ಕಂಪ್ಯೂಟರ್ ಕಲಿಕೆ ಎಡವಿದ್ದೆಲ್ಲಿ?

ಹಾವೇರಿ: ಪಿಯುಸಿ ರಿಸಲ್ಟ್ ಬಂದು ಡಿಗ್ರಿ ಅಡ್ಮಿಷನ್ ಶುರುವಾಯ್ತು ಅಂದ್ರೆ ಜಿಲ್ಲೆಯಲ್ಲಿ ಕಾಲೇಜಿಗಿಂತ ಮೊದಲು ತುಂಬೋದು ಸೈಬರ್ ಸೆಂಟರ್. ರಾಣೇಬೆನ್ನೂರು ಇರಲಿ, ಹಾನಗಲ್ ಇರಲಿ, ಹಿರೇಕೆರೂರು ಇರಲಿ, ಒಂದೇ ಕಥೆ. ಬಂದವರ ಕೈಯಲ್ಲಿ ಸ್ಮಾರ್ಟ್‌ಫೋನ್ ಇರುತ್ತೆ, ಆದರೆ ಅರ್ಜಿ ತುಂಬೋನು ಅಂಗಡಿಯವನು. ಇಮೇಲ್ ಐಡಿ ಮಾಡೋದು ಅವನೇ, ಪಾಸ್‌ವರ್ಡ್ ಇಡೋದೂ ಅವನೇ. ಎಷ್ಟೋ ಸಲ ಮೊಬೈಲ್ ನಂಬರ್ ಕೂಡ ಅವನದ್ದೇ ಹೋಗಿಬಿಡುತ್ತೆ. 'ಅಣ್ಣಾರ, ಒಟಿಪಿ ಬಂತ್ ನೋಡ್ರಿ' ಅಂತ ಫೋನ್ ಮುಂದೆ ಹಿಡಿಯೋದಷ್ಟೇ ವಿದ್ಯಾರ್ಥಿಯ ಪಾಲಿನ ಕೆಲಸ.

ಅಂಗಡಿಯವನದ್ದೇನೂ ತಪ್ಪಿಲ್ಲ, ಅವನಿಗೆ ಅದು ಹೊಟ್ಟೆಪಾಡು. ತೊಂದರೆ ಕಾಣೋದು ಆರು ತಿಂಗಳ ಮೇಲೆ. ಸೆಮಿಸ್ಟರ್ ಪರೀಕ್ಷೆ ಅರ್ಜಿ ಹಾಕಬೇಕು, ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ. ಸ್ಕಾಲರ್‌ಶಿಪ್ ಬಂದಿಲ್ಲ, ಯಾಕೆ ಅಂತ ನೋಡೋಕೆ ಲಾಗಿನ್ ಆಗ್ತಿಲ್ಲ. ಬಡ ಮನೆಯ ಹುಡುಗಿಗೆ ಆ ದುಡ್ಡು ಅಂದ್ರೆ ಮುಂದಿನ ವರ್ಷದ ಫೀ, ಬಸ್ ಪಾಸು, ಹಾಸ್ಟೆಲ್ ಖರ್ಚು. ಅದು ತಪ್ಪಿದ್ರೆ ಓದೇ ನಿಲ್ಲುವ ಮನೆಗಳು ನಮ್ಮ ಜಿಲ್ಲೆಯಲ್ಲಿ ಕಡಿಮೆ ಏನಿಲ್ಲ.

ಇವತ್ತು ಸರ್ಕಾರಿ ವಿಶ್ವವಿದ್ಯಾಲಯಗಳ ಡಿಗ್ರಿ ಕಾಲೇಜಿನಲ್ಲಿ ಪ್ರವೇಶದಿಂದ ಫಲಿತಾಂಶದವರೆಗೆ ಬಹುತೇಕ ಎಲ್ಲವೂ ಯುಯುಸಿಎಂಎಸ್ ತಂತ್ರಾಂಶದ ಮೂಲಕವೇ ನಡೆಯುತ್ತೆ. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ, ಅಂಕಪಟ್ಟಿಗೆ ಡಿಜಿಲಾಕರ್, ಕ್ರೆಡಿಟ್ ಲೆಕ್ಕಕ್ಕೆ ಎಬಿಸಿ ಐಡಿ. ಅಂದ್ರೆ ಪಾಠ ಶುರುವಾಗೋ ಮೊದಲೇ ಮೂರು ನಾಲ್ಕು ಮಾಹಿತಿ ವ್ಯವಸ್ಥೆಗಳೊಳಗೆ ವಿದ್ಯಾರ್ಥಿಯ ಹೆಸರು ಸೇರಿರುತ್ತೆ. ಅವು ಹೇಗೆ ಕೆಲಸ ಮಾಡ್ತವೆ ಅಂತ ಮಾತ್ರ ಯಾರೂ ಹೇಳಿಕೊಟ್ಟಿರೋದಿಲ್ಲ.

ಫೋನ್ ಬಂದ್ರೆ ಕಂಪ್ಯೂಟರ್ ಬಂದ ಹಾಗಲ್ಲ

'ಈಗಿನ ಹುಡುಗ್ರಿಗೆ ಕಂಪ್ಯೂಟರ್ ಏನ್ ಕಲಿಸೋದ್ರಿ, ಹುಟ್ಟುತ್ತಲೇ ಮೊಬೈಲ್ ಹಿಡ್ಕೊಂಡಿರ್ತಾವು' ಅನ್ನೋದು ದೊಡ್ಡವರ ಮಾತು. ಲೆಕ್ಕ ಬೇರೆ ಹೇಳುತ್ತೆ. 14ರಿಂದ 18 ವರ್ಷದ ಗ್ರಾಮೀಣ ಮಕ್ಕಳ ಬಗ್ಗೆ ನಡೆದ ಅಸರ್ 2023 ಸಮೀಕ್ಷೆಯಲ್ಲಿ ಸುಮಾರು ಶೇ 90ರಷ್ಟು ಮಕ್ಕಳ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು. ಕಂಪ್ಯೂಟರ್ ಅಥವಾ ಲ್ಯಾಪ್‌ಟಾಪ್ ಇದ್ದಿದ್ದು ಶೇ 9ರಷ್ಟು ಮಕ್ಕಳ ಮನೆಯಲ್ಲಿ. ಫೋನ್ ಬಳಸಲು ಬರುವವರ ಪೈಕಿ ಸ್ವಂತ ಫೋನ್ ಇದ್ದ ಹುಡುಗರು ಶೇ 43.7, ಹುಡುಗಿಯರು ಶೇ 19.8. ನಮ್ಮ ಸರ್ಕಾರಿ ಪದವಿ ಕಾಲೇಜುಗಳ ತರಗತಿಯಲ್ಲಿ ಹುಡುಗಿಯರ ಬೆಂಚು ನೋಡಿದವರಿಗೆ ಈ ಕೊನೆಯ ಅಂಕಿ ಏನು ಹೇಳುತ್ತೆ ಅನ್ನೋದು ಬಿಡಿಸಿ ಹೇಳಬೇಕಿಲ್ಲ. ಒಟಿಪಿ ಅಪ್ಪನ ಫೋನಿಗೆ ಬರುತ್ತೆ, ಅಪ್ಪ ಹೊಲದಲ್ಲಿ ಇರ್ತಾನೆ.

ಕೇಂದ್ರ ಸರ್ಕಾರದ 2022-23ರ ಮಾಡ್ಯುಲರ್ ಸಮೀಕ್ಷೆಯೂ ಇದನ್ನೇ ಬೇರೆ ರೀತಿ ತೋರಿಸಿದೆ. ದೇಶದ 15ರಿಂದ 29 ವರ್ಷದವರಲ್ಲಿ ಫೈಲ್ ಲಗತ್ತಿಸಿ ಮೆಸೇಜ್ ಕಳಿಸಬಲ್ಲವರು ಶೇ 78.4. ಮಾಹಿತಿ ಹುಡುಕೋದು, ಇಮೇಲ್ ಕಳಿಸೋದು, ಆನ್‌ಲೈನ್ ಬ್ಯಾಂಕಿಂಗ್ ಈ ಮೂರೂ ಬರುತ್ತೆ ಅಂದವರು ಶೇ 26.8 ಮಾತ್ರ.

ಕಾರಣ ಸರಳ. ಫೋನು ಎಲ್ಲವನ್ನೂ ಮುಚ್ಚಿಡುತ್ತೆ. ಫೋಟೋ ತೆಗೆದ್ರೆ ಗ್ಯಾಲರಿಗೆ ಹೋಯ್ತು, ವಾಟ್ಸಾಪ್‌ನಲ್ಲಿ ಒತ್ತಿದ್ರೆ ತೆರೀತು. ಆ ಫೈಲಿಗೆ ಒಂದು ಹೆಸರಿದೆ, ಒಂದು ಜಾಗ ಇದೆ, ಒಂದು ತೂಕ ಇದೆ ಅನ್ನೋದು ಕಣ್ಣಿಗೇ ಬೀಳಲ್ಲ. ಅರ್ಜಿಯಲ್ಲಿ 'ಪಿಡಿಎಫ್, ಇಷ್ಟು ಕೆಬಿ ಒಳಗೆ' ಅಂತ ಬಂದಾಗ ಅಲ್ಲಿಗೆ ಗಾಡಿ ನಿಂತಿತು.

ಮೂರು ವರ್ಷದಲ್ಲಿ ಎರಡು ನೀತಿ

ಕಲಿಸೋ ಪ್ರಯತ್ನ ಆಗಿಲ್ಲ ಅಂತಲ್ಲ. 2021-22ರಲ್ಲಿ ರಾಜ್ಯದಲ್ಲಿ ಎನ್‌ಇಪಿ ಜಾರಿಯಾದಾಗ 'ಡಿಜಿಟಲ್ ಫ್ಲುಯೆನ್ಸಿ' ಅನ್ನೋ 2 ಕ್ರೆಡಿಟ್‌ನ ವಿಷಯ ಬಂತು. ಬಿಎ, ಬಿಕಾಂ, ಬಿಎಸ್ಸಿ ಯಾವುದೇ ಇರಲಿ, ಓದಲೇಬೇಕು. ಉದ್ದೇಶ ಒಳ್ಳೆಯದೇ. ಆದರೆ ಪಠ್ಯ ತೆರೆದ್ರೆ ಮೊದಲ ಘಟಕದಲ್ಲೇ ಕೃತಕ ಬುದ್ಧಿಮತ್ತೆ, ಮಷೀನ್ ಲರ್ನಿಂಗ್, ಬಿಗ್ ಡೇಟಾ, ಇಂಟರ್ನೆಟ್ ಆಫ್ ಥಿಂಗ್ಸ್, ಕ್ಲೌಡ್ ಕಂಪ್ಯೂಟಿಂಗ್. ಈಜು ಬಾರದವನನ್ನ ಕರಕೊಂಡು ಹೋಗಿ ಸಮುದ್ರದ ನಕ್ಷೆ ಕೊಟ್ಟ ಹಾಗಾಯ್ತು. ಕ್ಲೌಡ್‌ನ ಬಗೆಗಳನ್ನ ಬಾಯಿಪಾಠ ಮಾಡಿ ಪಾಸಾದ ವಿದ್ಯಾರ್ಥಿಗೆ ತನ್ನ ಅಸೈನ್‌ಮೆಂಟ್ ಪೆನ್‌ಡ್ರೈವ್‌ನಿಂದ ಡೆಸ್ಕ್‌ಟಾಪ್‌ಗೆ ಹಾಕೋಕೆ ಬರದಿದ್ರೆ ಅದು ಅವನ ಸೋಲಲ್ಲ.

ಅದನ್ನ ಸರಿ ಮಾಡೋ ಮೊದಲೇ ಗಾಳಿ ತಿರುಗಿತು. ಪ್ರೊ. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿ ಮೇಲೆ 2024ರ ಮೇ ತಿಂಗಳಲ್ಲಿ ಸರ್ಕಾರ ನಾಲ್ಕು ವರ್ಷದ ಪದವಿ ಕೈಬಿಟ್ಟು, 2024-25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿತು. ಪಠ್ಯಗಳ ಪಟ್ಟಿ ಮತ್ತೊಮ್ಮೆ ಕಲಸಿಹೋಯ್ತು. ಹಾವೇರಿಗೆ ಇನ್ನೊಂದು ತಲೆಬಿಸಿ ಸೇರಿಕೊಂಡಿತು: ಧಾರವಾಡದಿಂದ ಬೇರೆಯಾಗಿ ಕೆರಿಮತ್ತಿಹಳ್ಳಿಯಲ್ಲಿ ಶುರುವಾದ ಹೊಸ ವಿಶ್ವವಿದ್ಯಾಲಯವನ್ನೇ ಮುಚ್ಚಬೇಕು ಅನ್ನೋ ಮಾತು 2025ರ ಆರಂಭದಲ್ಲಿ ಸಂಪುಟ ಉಪಸಮಿತಿಯಿಂದ ಬಂತು. ವಿವಿಯೇ ಇರುತ್ತೋ ಇಲ್ಲವೋ ಅನ್ನೋ ಚರ್ಚೆಯ ನಡುವೆ ಕಂಪ್ಯೂಟರ್ ಲ್ಯಾಬ್ ಬಗ್ಗೆ ಕೇಳೋರು ಯಾರು?

ಯಂತ್ರ ಕೊಟ್ಟಿದ್ದೂ ಇದೆ. 2021ರ ಜೂನ್‌ನಲ್ಲಿ ಸರ್ಕಾರಿ ಪದವಿ, ಎಂಜಿನಿಯರಿಂಗ್, ಪಾಲಿಟೆಕ್ನಿಕ್ ವಿದ್ಯಾರ್ಥಿಗಳಿಗೆ ಅಂತ ಸುಮಾರು 1.55 ಲಕ್ಷ ಟ್ಯಾಬ್ ಹಂಚುವ ಕಾರ್ಯಕ್ರಮ ಆಯ್ತು. ಅದಕ್ಕೂ ಮೊದಲು ಉಚಿತ ಲ್ಯಾಪ್‌ಟಾಪ್ ಯೋಜನೆ ಇತ್ತು. ಎರಡರಲ್ಲೂ ಸುದ್ದಿಯಾದದ್ದು ಎಷ್ಟು ಕೊಟ್ರು ಅನ್ನೋ ಸಂಖ್ಯೆ. ಪೆಟ್ಟಿಗೆ ಬಿಚ್ಚಿದ ಮೇಲೆ ಏನು ಕಲಿಸಿದ್ರು ಅನ್ನೋದು ಅಲ್ಲ.

'ಬಸವರಾಜ' ಒಬ್ಬನಾ, ಇಬ್ಬರಾ?

ಹಾಗಾದ್ರೆ ಮೊದಲ ವಾರದಲ್ಲಿ ಏನು ಕಲಿಸಬೇಕು? ಪಠ್ಯಪುಸ್ತಕ ಬೇಕಿಲ್ಲ. ವಿದ್ಯಾರ್ಥಿಯ ಕೈಯಲ್ಲಿರೋ ಕಾಗದಗಳೇ ಸಾಕು.

ಒಂದು ಉದಾಹರಣೆ ನೋಡಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಬಸವರಾಜ ಅಂತ ಇಂಗ್ಲಿಷ್‌ನಲ್ಲಿ ಬರೆದಾಗ ಕೊನೆಗೆ ಒಂದು 'ಎ' ಅಕ್ಷರ ಇದೆ. ಆಧಾರ್‌ನಲ್ಲಿ ಆ 'ಎ' ಇಲ್ಲ. ಒಂದರಲ್ಲಿ ಅಪ್ಪನ ಹೆಸರು ಪೂರ್ತಿ ಇದೆ, ಇನ್ನೊಂದರಲ್ಲಿ ಇನಿಷಿಯಲ್ ಮಾತ್ರ. ಊರಿನವರಿಗೆ ಇಬ್ಬರೂ ಒಬ್ಬನೇ ಬಸವರಾಜ. ಯಂತ್ರಕ್ಕೆ ಅವರು ಬೇರೆ ಬೇರೆ. ಅದು ಮುಖ ನೋಡಲ್ಲ, ಒಂದೊಂದೇ ಅಕ್ಷರ ಹೋಲಿಸುತ್ತೆ. ಅದಕ್ಕೇ ಹೆಸರಿನ ಮೇಲೆ ಮಾತ್ರ ನಂಬಿಕೆ ಇಡದೆ ಪ್ರತಿಯೊಬ್ಬರಿಗೂ ಒಂದು ನಂಬರ್ ಕೊಡ್ತಾರೆ: ನೋಂದಣಿ ಸಂಖ್ಯೆ, ಆಧಾರ್ ಸಂಖ್ಯೆ, ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ. ಎಸ್‌ಎಸ್‌ಪಿ ಅರ್ಜಿ ಹಾಕಿದಾಗ ಒಂದು ವ್ಯವಸ್ಥೆ ಇನ್ನೊಂದನ್ನ ಆ ನಂಬರ್ ಹಿಡಿದು ಕೇಳುತ್ತೆ. ಉತ್ತರ ಹೊಂದಿದ್ರೆ ಮುಂದೆ, ಇಲ್ಲದಿದ್ರೆ ಅಲ್ಲೇ ನಿಲ್ತು. ಡೇಟಾಬೇಸ್ ಅಂದ್ರೆ ಏನು ಅಂತ ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ಹೇಳಲಿಕ್ಕಿಲ್ಲ.

ದುಡ್ಡಿನ ದಾರಿಯೂ ಹಾಗೇ. ಸ್ಕಾಲರ್‌ಶಿಪ್ ಹೋಗೋದು ಆಧಾರ್ ಜೋಡಣೆಯಾದ ಖಾತೆಗೆ. ಹೊಸದಾಗಿ ಯಾವುದೋ ಬ್ಯಾಂಕಿನಲ್ಲಿ ಖಾತೆ ತೆಗೆದು, ಕೊಟ್ಟ ಫಾರಂಗೆಲ್ಲ ಸಹಿ ಮಾಡಿದ್ರೆ ಜೋಡಣೆ ಅತ್ತ ಸರಿದಿರಬಹುದು. ದುಡ್ಡು ಬಂದಿರುತ್ತೆ, ಹುಡುಗ ಹಳೇ ಪಾಸ್‌ಬುಕ್ ಎಂಟ್ರಿ ಮಾಡಿಸ್ತಾ ಇರ್ತಾನೆ. ಯಾವ ಬ್ಯಾಂಕಿಗೆ ಜೋಡಣೆ ಇದೆ ಅಂತ ಆಧಾರ್ ವೆಬ್‌ಸೈಟ್‌ನಲ್ಲೇ ನೋಡಬಹುದು, ದುಡ್ಡು ಕೊಡಬೇಕಿಲ್ಲ. ಐದು ನಿಮಿಷದ ಕೆಲಸ.

ಖಾತೆ ಅಂದಾಗ ಇನ್ನೊಂದು ಮಾತು. ಕಮಿಷನ್ ಆಸೆ ತೋರಿಸಿ ವಿದ್ಯಾರ್ಥಿಗಳ ಖಾತೆ, ಎಟಿಎಂ ಕಾರ್ಡ್, ಸಿಮ್ ಪಡೆಯೋ ವಂಚಕರ ಜಾಲ ಎಲ್ಲಾ ಕಡೆ ಇದೆ. ಕದ್ದ ದುಡ್ಡು ಆ ಖಾತೆ ಮೂಲಕ ಹೋದ್ರೆ ಪೊಲೀಸರು ಮೊದಲು ಬಾಗಿಲು ಬಡಿಯೋದು ಖಾತೆದಾರನ ಮನೆಯದ್ದು. ವಂಚನೆಯಾದ್ರೆ 1930ಕ್ಕೆ ಕೂಡಲೇ ಕರೆ ಮಾಡಬೇಕು ಅನ್ನೋದೂ ಮೊದಲ ವಾರದ ಪಾಠದಲ್ಲೇ ಬರಬೇಕು.

ಕನ್ನಡ ಟೈಪಿಂಗ್‌ನ ಗೋಳು ಬೇರೆ. ನುಡಿಯ ಹಳೇ ಫಾಂಟ್‌ನಲ್ಲಿ ಹೊಡೆದ ಪುಟವನ್ನ ಫಾಂಟ್ ಇಲ್ಲದ ಕಡೆ ತೆರೆದ್ರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತೆ. ಯುನಿಕೋಡ್‌ನಲ್ಲಿ ಹೊಡೆದ್ರೆ ಫೋನಿನಲ್ಲೂ ಸರಿ, ಮೇಲ್‌ನಲ್ಲೂ ಸರಿ. ಬಿಎ ಓದಿ ಸರ್ಕಾರಿ ನೌಕರಿ ಕನಸು ಕಾಣೋರಿಗೆ ಇದು ಸಣ್ಣ ವಿಷಯ ಅಲ್ಲ. 2012ರ ನಿಯಮದ ಪ್ರಕಾರ ರಾಜ್ಯ ಸರ್ಕಾರಿ ನೌಕರರಿಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಇದೆ. ಕೆಲಸ ಸಿಕ್ಕ ಮೇಲೆ ಕೇಳೋದನ್ನ ಕಾಲೇಜಿನಲ್ಲಿ ಕಲಿಸೋದಿಲ್ಲ, ವಿಚಿತ್ರ ನೋಡಿ. ನೌಕರಿ ಬಿಡಿ, ಬ್ಯಾಡಗಿ ಮಾರುಕಟ್ಟೆಯಲ್ಲಿ ಅಪ್ಪ ತಂದ ಮೆಣಸಿನಕಾಯಿ ಚೀಲದ ದರ ನಿಗದಿ ಆಗೋದೂ ಇ-ಟೆಂಡರ್‌ನಲ್ಲೇ.

ಕಲಿಸೋರು ಯಾರು?

ಇಲ್ಲಿಗೆ ಬಂದ್ರೆ ಎಲ್ಲರೂ ಸುಮ್ಮನಾಗ್ತಾರೆ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳು ನಡೀತಿರೋದೇ 10 ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಹೆಗಲ ಮೇಲೆ. ಅವರ ನೇಮಕವೇ ತಡವಾದ್ರೆ ಮೊದಲ ವಾರದ ಪಾಠ ಎಲ್ಲಿಂದ ಬರಬೇಕು? ಬಿಸಿಎ ವಿಭಾಗ ಇರೋ ಕಾಲೇಜಲ್ಲಿ ಲ್ಯಾಬ್ ಇರುತ್ತೆ, ಆದರೆ ಅದು ಬಿಸಿಎ ಮಕ್ಕಳದ್ದು. ಬಿಎ ವಿದ್ಯಾರ್ಥಿ ಆ ಬಾಗಿಲ ಮುಂದೆ ಹಾದು ಹೋಗ್ತಾನೆ ಅಷ್ಟೇ.

ಆದ್ರೂ ದಾರಿ ಪೂರ್ತಿ ಮುಚ್ಚಿಲ್ಲ. ಹೊಸಬರಿಗಾಗಿ ಯುಜಿಸಿ ರೂಪಿಸಿದ 'ದೀಕ್ಷಾರಂಭ' ಕಾರ್ಯಕ್ರಮ ಇದ್ದೇ ಇದೆ. ಬಹಳ ಕಡೆ ಅದು ಹಾರ, ಶಾಲು, ಭಾಷಣದಲ್ಲಿ ಮುಗಿಯುತ್ತೆ. ಅದರಲ್ಲಿ ಎರಡು ಮಧ್ಯಾಹ್ನ ತೆಗೆದು, ಅಂತಿಮ ವರ್ಷದ ಬಿಸಿಎ ವಿದ್ಯಾರ್ಥಿಗಳನ್ನೇ ಪಕ್ಕದಲ್ಲಿ ಕೂರಿಸಿದ್ರೆ ಸರ್ಕಾರದ ಹೊಸ ಆದೇಶವೂ ಬೇಕಿಲ್ಲ, ಅನುದಾನವೂ ಬೇಕಿಲ್ಲ. ಪ್ರತಿಯೊಬ್ಬರೂ ತಮ್ಮದೇ ಇಮೇಲ್ ಮಾಡಿ, ಪಾಸ್‌ವರ್ಡ್ ತಾವೇ ಇಟ್ಟು, ಅಂಕಪಟ್ಟಿ ಸ್ಕ್ಯಾನ್ ಮಾಡಿ, ಹೆಸರು ಕೊಟ್ಟು ಫೋಲ್ಡರ್‌ನಲ್ಲಿ ಇಟ್ಟು ಎದ್ದರೆ ಸಾಕು. ಸ್ವಂತ ಫೋನ್ ಇಲ್ಲದ ಹುಡುಗಿಯರಿಗೆ ಯಾರ ನಂಬರ್ ಕೊಡಬೇಕು, ಆ ನಂಬರ್ ಬದಲಾದ್ರೆ ಎಲ್ಲೆಲ್ಲಿ ತಿದ್ದಬೇಕು ಅನ್ನೋದನ್ನ ಅಲ್ಲೇ ಬರೆದು ಕೊಡಬೇಕು. ಹಳ್ಳಿಯವರಿಗೆ ಗ್ರಾಮ ಪಂಚಾಯಿತಿ ಅರಿವು ಕೇಂದ್ರಗಳಿವೆ. ಕಂಪ್ಯೂಟರ್ ಇರೋ ಕೇಂದ್ರ ಸಂಜೆ ಹೊತ್ತು ತೆರೆದಿದ್ರೆ ಅಭ್ಯಾಸಕ್ಕೆ ತಾಲ್ಲೂಕಿಗೆ ಬರಬೇಕಿಲ್ಲ.

ಸದ್ಯಕ್ಕೆ ಈ ವರ್ಷ ಸೇರಿದವರು ಮಾಡಬೇಕಾದ್ದು ಒಂದಿದೆ. ಆಧಾರ್ ಮತ್ತು ಅಂಕಪಟ್ಟಿಯ ಹೆಸರು ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡೋದು. ತಿದ್ದುಪಡಿಗೆ ದಿನಗಳು ಹಿಡಿಯುತ್ತವೆ, ಕಾಲೇಜಿನಲ್ಲಿ ದಾಖಲೆಗಳ ಇ-ದೃಢೀಕರಣಕ್ಕೂ ಸರದಿ ಇರುತ್ತೆ, ಮತ್ತು ಎಸ್‌ಎಸ್‌ಪಿಯ ಕೊನೆಯ ದಿನಾಂಕದ ವಾರದಲ್ಲಿ ಸರ್ವರ್ ಎಷ್ಟು ನಿಧಾನ ಅನ್ನೋದು ಸೀನಿಯರ್‌ಗಳಿಗೆ ಗೊತ್ತೇ ಇದೆ.