ಮೂರು ಕ್ವಿಂಟಾಲ್ ಕೊಬ್ಬರಿಯ ಇಂಜಿನ್ನು

ಜರ್ಮನಿಯ ಮಾರ್ಕ್ಲಿನ್ ಕಂಪನಿಯ ಒಂದು ಮಾಡೆಲ್ ರೈಲು ಇಂಜಿನ್ನು, ಅದೂ ಸದ್ದು ಮಾಡುವಂಥದ್ದು, ದೀಪ ಉರಿಯುವಂಥದ್ದು, ಸುಮಾರು 350 ಯೂರೋ ಬೀಳುತ್ತೆ. ರೂಪಾಯಿಯಲ್ಲಿ ಮೂವತ್ತೈದು ಸಾವಿರದ ಆಸುಪಾಸು. ನಮ್ಮ ಕಡೆ ಯಾವ ಬೆಲೆ ಹೇಳಿದರೂ ಅದು ಕೊಬ್ಬರಿಗೆ ತಿರುಗದೆ ತಲೆಗೆ ಹೋಗಲ್ಲ. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕೊಟ್ಟ ಬೆಂಬಲ ಬೆಲೆ ಕ್ವಿಂಟಾಲಿಗೆ 12,100 ರೂಪಾಯಿ. ಅಂದ್ರೆ ಒಂದು ಇಂಜಿನ್ನಿಗೆ ಹತ್ತಿರಹತ್ತಿರ ಮೂರು ಕ್ವಿಂಟಾಲ್. ಆ ವರ್ಷ ತಿಪಟೂರು ಮಾರುಕಟ್ಟೆಯಲ್ಲಿ ರೇಟು ಅದರ ದುಪ್ಪಟ್ಟು ದಾಟಿದ್ದು ಬೇರೆ ಮಾತು. ಅಪ್ಪನಿಗೆ ನಾನು ಹೇಳಿದ್ದು ಬೆಂಬಲ ಬೆಲೆಯ ಲೆಕ್ಕವೇ. "ಮೂರು ಕ್ವಿಂಟಾಲ್ ಕೊಟ್ರೆ ಅದು ಎಷ್ಟು ಜನರನ್ನ ಕೂರಿಸ್ಕೊಂಡು ಹೋಗುತ್ತಪ್ಪಾ?" ಅಂದ್ರು.

ಯಾರನ್ನೂ ಕೂರಿಸ್ಕೊಳ್ಳಲ್ಲ. ಅದು ಆಟದ ಸಾಮಾನೂ ಅಲ್ಲ, ನಿಜವಾದ ರೈಲೂ ಅಲ್ಲ, ಎರಡರ ನಡುವಿನ ಒಂದು ಹುಚ್ಚು. ನಿಜವಾದ ಇಂಜಿನ್ನನ್ನ ಅಳತೆ ಹಿಡಿದು 87 ಪಟ್ಟು ಕುಗ್ಗಿಸಿ, ಮೆಟ್ಟಿಲು, ಕೈಹಿಡಿ, ಬ್ರೇಕ್ ಪೈಪು ಎಲ್ಲಾ ಇರೋ ಹಾಗೆ ಮಾಡೋದು. 1:87ಕ್ಕೆ ಎಚ್‌ಒ ಅಂತ ಹೆಸರು, ಪ್ರಪಂಚದಲ್ಲಿ ಹೆಚ್ಚು ಜನ ಇಟ್ಟಿರೋದು ಇದೇ. ಇನ್ನೂ ಸಣ್ಣದು ಬೇಕು, ಫ್ಲ್ಯಾಟಿನಲ್ಲಿ ಜಾಗ ಇಲ್ಲ ಅನ್ನೋರಿಗೆ 1:160ರ ಎನ್ ಸ್ಕೇಲ್ ಇದೆ. ಜಪಾನಿನ ಕ್ಯಾಟೊ ಕಂಪನಿ ಅದರಲ್ಲಿ ಎತ್ತಿದ ಕೈ. ಎನ್ ಸ್ಕೇಲಿನ ಹಳಿಗಳ ನಡುವೆ ಬರೀ 9 ಮಿಲಿಮೀಟರ್.

ಈಗ ಒಂದು ಸಣ್ಣ ಗಣಿತ. ಯುರೋಪು, ಅಮೆರಿಕದ ಮಾಮೂಲಿ ಹಳಿಯ ಅಗಲ 1435 ಮಿಲಿಮೀಟರ್. ಅದನ್ನ 87ರಿಂದ ಭಾಗಿಸಿದರೆ 16.5. ಎಚ್‌ಒ ಹಳಿ ಅಂದ್ರೆ ಇದು. ನಮ್ಮ ಬ್ರಾಡ್ ಗೇಜು 1676 ಮಿಲಿಮೀಟರ್, ಭಾಗಿಸಿದರೆ 19 ಚಿಲ್ಲರೆ. ಹತ್ತಿರಹತ್ತಿರ 3 ಮಿಲಿಮೀಟರ್ ವ್ಯತ್ಯಾಸ. ಅಂಗಡಿಯಲ್ಲಿ ಸಿಗೋ ಯಾವ ಎಚ್‌ಒ ಹಳಿಯ ಮೇಲೆ ನಮ್ಮ ಡಬ್ಲ್ಯುಎಪಿ-7 ನಿಲ್ಲಿಸಿದರೂ ದಪ್ಪ ಹೊಟ್ಟೆಯವರು ಕಾಲು ಜೋಡಿಸಿ ನಿಂತ ಹಾಗೆ ಕಾಣುತ್ತೆ. ನೋಡದೇ ಇದ್ದರೆ ಗೊತ್ತಾಗಲ್ಲ, ಒಂದು ಸಲ ಕಣ್ಣಿಗೆ ಬಿದ್ದರೆ ಬಿಡಲ್ಲ. ಇಷ್ಟು ದೊಡ್ಡ ರೈಲ್ವೆ ಇರೋ ದೇಶಕ್ಕೆ ತನ್ನದೇ ಅಳತೆಯ ರೆಡಿಮೇಡ್ ಮಾಡೆಲ್ ಹಳಿ ಅಂಗಡಿಯಲ್ಲಿ ಸಿಗಲ್ಲ. ಬೇಕು ಅಂದವರು ಕೈಯಲ್ಲೇ ಮಾಡ್ಕೋಬೇಕು.

ಹಾಗಾದರೆ ಹೊರಗಿನ ಕಂಪನಿಗಳು ಚೆನ್ನಾಗಿವೆಯಾ ಅಂದ್ರೆ, ಅಲ್ಲೂ ಹಾಗೇನಿಲ್ಲ. ಮಾರ್ಕ್ಲಿನ್ ಶುರುವಾಗಿದ್ದು 1859ರಲ್ಲಿ. ನೂರೈವತ್ತನೇ ವರ್ಷದ ಹಬ್ಬ ಮಾಡಬೇಕಿದ್ದ 2009ರ ಫೆಬ್ರವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಆಮೇಲೆ ಚೇತರಿಸಿಕೊಂಡು, 2013ರಲ್ಲಿ ಆಟಿಕೆ ಗುಂಪು ಸಿಂಬಾ ಡಿಕಿಯ ಕೈ ಸೇರಿತು. ಇಟಲಿಯ ಲೀಮಾ ಮುಚ್ಚಿತು, ಅದರ ಅಚ್ಚುಗಳನ್ನೂ ಹೆಸರನ್ನೂ 2004ರಲ್ಲಿ ಇಂಗ್ಲೆಂಡಿನ ಹಾರ್ನ್‌ಬಿ ಕೊಂಡುಕೊಂಡಿತು. ಆ ಹಾರ್ನ್‌ಬಿಯೇ 1990ರ ದಶಕದಲ್ಲಿ ತನ್ನ ತಯಾರಿಕೆಯನ್ನ ಚೀನಾಕ್ಕೆ ಸಾಗಿಸಿ, ಆಮೇಲೆ ಅಲ್ಲಿನ ಕಾರ್ಖಾನೆಗಳ ಸರದಿಗೆ ಕಾದು ಕಾದು ವರ್ಷಗಟ್ಟಲೆ ನಷ್ಟ ಕಂಡಿತು. 1946ರಿಂದ ಇದ್ದ ಹ್ಯಾಟನ್ಸ್ ಅನ್ನೋ ಇಂಗ್ಲೆಂಡಿನ ದೊಡ್ಡ ಮಾಡೆಲ್ ರೈಲು ಅಂಗಡಿ 2024ರ ಜನವರಿಯಲ್ಲಿ ಬಾಗಿಲು ಹಾಕ್ತೀವಿ ಅಂತ ಘೋಷಿಸಿತು.

ಕಾರಣ ಹುಡುಕೋಕೆ ದೂರ ಹೋಗಬೇಕಿಲ್ಲ. ಒಂದು ಹೊಸ ಇಂಜಿನ್ ಮಾಡೆಲ್ಲಿಗೆ ಉಕ್ಕಿನ ಅಚ್ಚು ಕೊರೆಸೋ ಖರ್ಚು ಭಾರಿ, ಮಾರಾಟವಾಗೋದು ಕೆಲವೇ ಸಾವಿರ. ಹಾಗಾಗಿ ಈಗೆಲ್ಲಾ ಮೊದಲು ಆರ್ಡರ್ ತಗೊಂಡು ಆಮೇಲೆ ಮಾಡೋ ಪದ್ಧತಿ. ನಮ್ಮ ಅಟ್ಟದ ಮೇಲೆ ತೆಂಗಿನಕಾಯಿ ಉಂಡೆ ಕೊಬ್ಬರಿಯಾಗೋಕೆ ಹತ್ತು ಹನ್ನೊಂದು ತಿಂಗಳು ಸಾಕು. ಘೋಷಣೆಯಾದ ಇಂಜಿನ್ನು ಗಿರಾಕಿಯ ಮನೆಗೆ ಬರೋಕೆ ಎರಡು ವರ್ಷ ಹಿಡಿದರೂ ಆಶ್ಚರ್ಯವಿಲ್ಲ. ಕೊಳ್ಳುವವರಲ್ಲಿ ಹೆಚ್ಚಿನವರು ಚಿಕ್ಕಂದಿನಲ್ಲಿ ರೈಲು ಸೆಟ್ಟು ಸಿಕ್ಕಿದ್ದ ತಲೆಮಾರಿನವರು, ಈಗ ಅರವತ್ತು ದಾಟಿದವರು. ಅವರ ಪಿಂಚಣಿಯ ಮೇಲೆ ಉದ್ಯಮ ನಿಂತಿದೆ ಅಂದರೆ ತಪ್ಪಲ್ಲ.

ನಮ್ಮ ದೇಶದ ಕಥೆ ಬೇರೆ ದಾರಿಯಲ್ಲಿದೆ. 2020ರ ಫೆಬ್ರವರಿಯಲ್ಲಿ ಆಟಿಕೆಗಳ ಆಮದು ಸುಂಕ ಶೇ. 20ರಿಂದ 60ಕ್ಕೆ ಏರಿತು, 2023ರಲ್ಲಿ 70ಕ್ಕೆ. ಕಸ್ಟಮ್ಸ್ ಪಟ್ಟಿಯಲ್ಲಿ ಗೊಂಬೆ, ತ್ರಿಚಕ್ರ ಸೈಕಲ್ಲು, ಸ್ಕೇಲ್ ಮಾಡೆಲ್ಲು ಎಲ್ಲಾ ಒಂದೇ ಶೀರ್ಷಿಕೆಯಡಿ ಬರುತ್ತವೆ. ಅಂಗಡಿಯವನು ಮೂವತ್ತೈದು ಸಾವಿರದ ಇಂಜಿನ್ ತರಿಸಿದರೆ ಈ ಲೆಕ್ಕದಲ್ಲಿ ಸುಂಕವೇ ಇಪ್ಪತ್ತನಾಲ್ಕೂವರೆ ಸಾವಿರ, ಅದರ ಮೇಲೆ ಜಿಎಸ್‌ಟಿ. ಇನ್ನು ಎರಡು ಕ್ವಿಂಟಾಲ್ ಇಳಿಸಿ ಅಂತ ಅರ್ಥ. 2021ರ ಜನವರಿ 1ರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ಅಗ್ಗದ ಚೀನಾ ಆಟಿಕೆ ತಡೆಯೋದು ಉದ್ದೇಶ, ಅದರಲ್ಲಿ ನನಗೆ ತಕರಾರಿಲ್ಲ. ಮಗುವಿನ ಬಾಯಿಗೆ ಹೋಗೋ ಬಣ್ಣದಲ್ಲಿ ಸೀಸ ಇರಬಾರದು. ಆದರೆ ಇಡೀ ದೇಶದಲ್ಲಿ ಒಬ್ಬನೂ ಮಾಡದೇ ಇರೋ ವಸ್ತುವಿನ ಮೇಲೂ ಅಷ್ಟೇ ಸುಂಕ ಹಾಕಿದರೆ ಅದರಿಂದ ಯಾವ ಸ್ವದೇಶಿ ಕಾರ್ಖಾನೆಗೆ ಉಪಕಾರವಾಯಿತು, ನನಗಂತೂ ಕಾಣಿಸಲಿಲ್ಲ.

ಒಬ್ಬನೂ ಇಲ್ಲ ಅನ್ನೋದು ಸ್ವಲ್ಪ ಹೆಚ್ಚಾಯಿತೇನೋ. ಸೆಂಟಿ ಟಾಯ್ಸ್‌ನ ಬ್ಯಾಟರಿ ರೈಲು ಇದೆ, ನೀಲಿ ಬೋಗಿಗಳದ್ದು. ಅದು ಮಕ್ಕಳ ಆಟಿಕೆಯೇ, ಆದರೆ ನಮ್ಮ ರೈಲಿನ ಮುಖ ಇರೋ ಆಟಿಕೆ. ನಮ್ಮ ರಾಜ್ಯದಲ್ಲೇ ಚನ್ನಪಟ್ಟಣದವರು ಹಾಲೆ ಮರದಲ್ಲಿ ಅರಗಿನ ಬಣ್ಣ ಹಚ್ಚಿ ಮಾಡೋ ರೈಲು ಇದೆ. ಹಳದಿ ಇಂಜಿನ್ನು, ಕೆಂಪು ಹಸಿರು ಡಬ್ಬಿ. ಭೌಗೋಳಿಕ ಸೂಚ್ಯಂಕ ಇರುವುದರಿಂದ ಐಎಸ್‌ಐ ನಿಯಮದಿಂದ ಅವರಿಗೆ ವಿನಾಯಿತಿಯೂ ಸಿಕ್ಕಿದೆ. ಕರ್ನಾಟಕದಲ್ಲಿ ನಿಜವಾಗಿ ಬದುಕಿರೋ "ರೈಲು ತಯಾರಕರು" ಯಾರು ಅಂತ ಕೇಳಿದರೆ ನಾನು ಅವರನ್ನೇ ತೋರಿಸ್ತೀನಿ. ಅಳತೆ ಕೇಳಬೇಡಿ ಅಷ್ಟೆ. ಇನ್ನು ಮಾಡೆಲ್ ರೈಲು ಓಡೋದನ್ನ ಕಣ್ಣಾರೆ ನೋಡಬೇಕು ಅಂದ್ರೆ ಪುಣೆಯ ಕೊತ್ರೂಡಿನಲ್ಲಿ ಜೋಶಿಯವರ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ಇದೆ, 1998ರಿಂದ. ಮೈಸೂರಿನ ರೈಲು ಮ್ಯೂಸಿಯಂ ನೋಡಿ "ಇದೇ ತಾನೇ" ಅನ್ನಬೇಡಿ, ಅಲ್ಲಿರೋದು ನಿಜವಾದ ಇಂಜಿನ್ನುಗಳು.

ಇಷ್ಟೆಲ್ಲಾ ಕೇಳಿ ನನ್ನ ಟೀಮಿನ ಹುಡುಗರು ಕೇಳೋದು ಒಂದೇ: ಅಂಕಲ್‌ಗಳ ಹವ್ಯಾಸ ನಿನಗ್ಯಾಕೆ ಗುರೂ? ಅವರಿಗೆ ನಾನು ಹೇಳೋದು, ನೀವು ದಿನಕ್ಕೆ ಹತ್ತು ಸಲ ಬಳಸೋ "ಹ್ಯಾಕ್" ಅನ್ನೋ ಪದ ಎಲ್ಲಿಂದ ಬಂತು ನೋಡಿ. ಅಮೆರಿಕದ ಎಂಐಟಿಯಲ್ಲಿ ಟೆಕ್ ಮಾಡೆಲ್ ರೈಲ್‌ರೋಡ್ ಕ್ಲಬ್ ಅಂತ ಇತ್ತು, ಈಗಲೂ ಇದೆ. 1950ರ ದಶಕದಲ್ಲಿ ಅಲ್ಲಿನ ಹುಡುಗರು ಹಳಿಯ ಕೆಳಗೆ ಟೆಲಿಫೋನ್ ರಿಲೇಗಳನ್ನ ಜೋಡಿಸಿ ಸಿಗ್ನಲ್ ವ್ಯವಸ್ಥೆ ಕಟ್ಟಿದರು. ಜಾಣತನದ ವೈರಿಂಗಿಗೆ ಅವರು ಇಟ್ಟ ಹೆಸರು ಹ್ಯಾಕ್. ಅದೇ ಗುಂಪು ಆಮೇಲೆ ಕಂಪ್ಯೂಟರ್ ಕಡೆ ಹೊರಳಿ 1962ರಲ್ಲಿ ಸ್ಪೇಸ್‌ವಾರ್ ಆಟ ಬರೆದವರಿಗೆ ತವರಾಯಿತು.

ಇನ್ನೊಂದು ಕಥೆ ಇದಕ್ಕಿಂತ ಚೆನ್ನಾಗಿದೆ. ಈಗಿನ ಮಾಡೆಲ್ ರೈಲು ಓಡೋದು ಡಿಸಿಸಿ ಅನ್ನೋ ಡಿಜಿಟಲ್ ಪದ್ಧತಿಯಲ್ಲಿ. ಹಳಿಯಲ್ಲಿ ಕರೆಂಟು, ಡೇಟಾ ಎರಡೂ ಒಟ್ಟಿಗೆ ಹರಿಯುತ್ತವೆ. ಅಲೆಯ ಅರ್ಧ ಭಾಗ 58 ಮೈಕ್ರೋಸೆಕೆಂಡ್ ಇದ್ದರೆ ಅದು 1, ನೂರೋ ಅದಕ್ಕಿಂತ ಹೆಚ್ಚೋ ಇದ್ದರೆ 0. ಪ್ರತಿ ಇಂಜಿನ್ನಿಗೂ ಒಂದು ಅಡ್ರೆಸ್ಸು. ಒಂದೇ ಹಳಿಯ ಮೇಲೆ ಎರಡು ಇಂಜಿನ್ ನಿಂತಿದ್ದರೂ ಕರೆದದ್ದು ಮಾತ್ರ ಹೊರಡುತ್ತೆ. ಇದನ್ನ ಕಂಪ್ಯೂಟರಿನಿಂದ ನಡೆಸೋಕೆ ಜೆಎಂಆರ್‌ಐ ಅಂತ ಓಪನ್ ಸೋರ್ಸ್ ಜಾವಾ ಸಾಫ್ಟ್‌ವೇರ್ ಇದೆ, ಅದನ್ನ ಶುರು ಮಾಡಿದ್ದು ರಾಬರ್ಟ್ ಜೇಕಬ್ಸನ್ ಅನ್ನೋ ಭೌತಶಾಸ್ತ್ರದ ಪ್ರೊಫೆಸರು. ಅದರ ಫೈಲುಗಳನ್ನ ಒಂದು ಕಂಪನಿ ಹೆಸರು ತೆಗೆದುಹಾಕಿ ಬಳಸಿಕೊಂಡಾಗ ಕೋರ್ಟಿಗೆ ಹೋದರು. 2008ರಲ್ಲಿ ಅಮೆರಿಕದ ಫೆಡರಲ್ ಸರ್ಕ್ಯೂಟ್ ಮೇಲ್ಮನವಿ ಕೋರ್ಟು, ಓಪನ್ ಸೋರ್ಸ್ ಲೈಸೆನ್ಸಿನ ಷರತ್ತು ಮುರಿದರೆ ಅದು ಕಾಪಿರೈಟ್ ಉಲ್ಲಂಘನೆ ಆಗಬಹುದು ಅಂತ ಹೇಳಿತು. ನಮ್ಮ ಆಫೀಸುಗಳಲ್ಲಿ ಲೈಸೆನ್ಸ್ ಸ್ಕ್ಯಾನ್ ಅಂತ ಬಿಲ್ಡ್ ನಿಲ್ಲಿಸ್ತಾರಲ್ಲ, ಅದರ ಬೇರು ಹುಡುಕಿದರೆ ಆಟದ ರೈಲಿನ ಈ ಕೇಸು ಸಿಗುತ್ತೆ. ಅಂಕಲ್‌ಗಳ ಹವ್ಯಾಸವಂತೆ!

ಕಂಪನಿಯ ಡಿಸಿಸಿ ಕಂಟ್ರೋಲರಿನ ಬೆಲೆ ನೋಡಿ ನಾನು ಆರ್ಡುಯಿನೋ ಬೋರ್ಡು, ಮೋಟಾರ್ ಶೀಲ್ಡು ತಗೊಂಡು ಡಿಸಿಸಿ-ಇಎಕ್ಸ್ ಹಾಕಿದೆ. ಅದೂ ಓಪನ್ ಸೋರ್ಸೇ. ಫೋನಿನಲ್ಲೇ ಓಡಿಸಬಹುದು. ಇಲ್ಲಿಗೆ ಎಲೆಕ್ಟ್ರಾನಿಕ್ಸ್ ಮುಗೀತು, ಉಳಿದಿದ್ದು ಕಷ್ಟದ ಭಾಗ: ಯಾವ ಊರನ್ನ ಕಟ್ಟೋದು?

ನಾನು ಕಟ್ಟುತ್ತಿರೋದು ಬಾಣಸಂದ್ರ ಸ್ಟೇಷನ್ನು, ಮೀಟರ್ ಗೇಜ್ ಕಾಲದ್ದು. ತುರುವೇಕೆರೆಗೂ ರೈಲಿಲ್ಲ, ಚಿಕ್ಕನಾಯಕನಹಳ್ಳಿಗೂ ಇಲ್ಲ. ಅಲ್ಲಿಯವರು ತಿಪಟೂರಿಗೋ ಬಾಣಸಂದ್ರಕ್ಕೋ ಬಂದೇ ಹತ್ತಬೇಕು. ಬೆಂಗಳೂರಿನಿಂದ ತುಮಕೂರಿಗೆ 1884ರಲ್ಲಿ ಬಂದ ಹಳಿ ಗುಬ್ಬಿ, ತಿಪಟೂರು, ಅರಸೀಕೆರೆ ದಾಟಿ ಹರಿಹರಕ್ಕೆ ಹೋಯಿತು. ನೂರು ವರ್ಷಕ್ಕೂ ಮೀರಿ ಅದು ಒಂದು ಮೀಟರ್ ಅಗಲದ ಹಳಿಯಾಗಿಯೇ ಇತ್ತು. 1990ರ ದಶಕದಲ್ಲಿ ಕಿತ್ತು ಬ್ರಾಡ್ ಗೇಜ್ ಹಾಕಿದರು. ನಾನು ಹುಟ್ಟಿದ್ದು ಅದೇ ಹೊತ್ತಿಗೆ, ಹಾಗಾಗಿ ನಾನು ಕಂಡಿದ್ದೆಲ್ಲ ಬ್ರಾಡ್ ಗೇಜೇ. ಈಗ ಅದೇ ದಾರಿಯಲ್ಲಿ ಕರೆಂಟಿನ ವಂದೇ ಭಾರತ್ ಧಾರವಾಡಕ್ಕೆ ಹೋಗುತ್ತೆ.

ಇಲ್ಲಿ ಒಂದು ಮಜಾ ಇದೆ. ಬ್ರಾಡ್ ಗೇಜಿಗೆ ಸಿಗದ ಹಳಿ ನಮ್ಮ ಹಳೇ ಮೀಟರ್ ಗೇಜಿಗೆ ಸಿಗುತ್ತೆ! ಸ್ವಿಟ್ಜರ್ಲೆಂಡಿನ ರೇಷ್ಯನ್ ರೈಲ್ವೆಯದೂ ಮೀಟರ್ ಗೇಜೇ. ಅದಕ್ಕಾಗಿ ಜರ್ಮನಿಯ ಬೆಮೋ ಕಂಪನಿ 1:87ರಲ್ಲಿ 12 ಮಿಲಿಮೀಟರ್ ಹಳಿ ಮಾಡುತ್ತೆ. 1000ವನ್ನು 87ರಿಂದ ಭಾಗಿಸಿ ನೋಡಿ, ಹನ್ನೊಂದೂವರೆ. ಅರ್ಧ ಮಿಲಿಮೀಟರು ಯಾರ ಕಣ್ಣಿಗೂ ಕಾಣಲ್ಲ. 2022ರಲ್ಲಿ ಹಾರ್ನ್‌ಬಿ 1:120ರ ಹೊಸ ಸಾಲು ಶುರು ಮಾಡಿತು, ಅದರ ಹಳಿಯೂ 12 ಮಿಲಿಮೀಟರೇ. ಆ ಇಂಜಿನ್ನಿನ ಚಾಸಿ ತಗೊಂಡು ಅದರ ಮೇಲೆ ವೈಡಿಎಂ-4 ಡೀಸೆಲ್ ಇಂಜಿನ್ನಿನ ಮೈಯನ್ನ 3ಡಿ ಪ್ರಿಂಟ್ ಮಾಡಿ ಕೂರಿಸಿದರೆ ಬಾಣಸಂದ್ರದ ರೈಲು ತಯಾರು. ಸಂಬಳದವನ ಬಜೆಟ್ಟಿಗೆ ನಿಲುಕೋ ದಾರಿ ಇದೊಂದೇ. ದೊಡ್ಡ ಕಂಪನಿ ನಮಗಾಗಿ ಅಚ್ಚು ಕೊರೆಸಲಿ ಅಂತ ಕಾಯೋದು ವ್ಯರ್ಥ, ಪ್ರಿಂಟರ್ ಇಟ್ಟುಕೊಂಡ ನಾಲ್ಕು ಜನ ಫೈಲು ಹಂಚಿಕೊಂಡರೆ ಸಾಕು ಅನ್ನೋ ಕಡೆಗೆ ನಾನಂತೂ ವಾಲಿದೀನಿ.

ತೆಂಗಿನ ಮರ ಮಾತ್ರ ಯಾವ ಪ್ರಿಂಟರಿಗೂ ಬಗ್ಗಲಿಲ್ಲ. ಜರ್ಮನಿಯ ನೋಖ್‌ನಂಥ ಕಂಪನಿಗಳು ಮಾರೋದು ಪೈನು, ಬರ್ಚು. ಪಾಮ್ ಅಂತ ಕೊಡೋದು ಬೀಚ್ ರೆಸಾರ್ಟಿನ ಗಿಡ. ನಮ್ಮ ತಿಪಟೂರು ಟಾಲ್ ಹದಿನೈದು ಮೀಟರ್ ಬೆಳೆದರೆ 1:87ರಲ್ಲಿ ಹದಿನೇಳು ಸೆಂಟಿಮೀಟರ್. ಒಂದು ಎಕರೆ ತೋಟ ಅಂದ್ರೆ 73 ಸೆಂಟಿಮೀಟರಿನ ಚೌಕ, ಮೂವತ್ತಡಿ ಅಂತರದಲ್ಲಿ ನೆಟ್ಟರೆ ಐವತ್ತು ಮರ. ಕರೆಂಟ್ ವೈರಿನ ತಾಮ್ರದ ಎಳೆ ಹೊಸೆದು, ಮೇಲೆ ಎಂ-ಸೀಲ್ ಮೆತ್ತಿ, ಒಣಗೋ ಮುಂಚೆ ಬ್ಲೇಡಿನಲ್ಲಿ ಉಂಗುರದ ಗೆರೆ ಎಳೆಯಬೇಕು. ಗರಿಗೆ ಕಾಗದ. ಬುಡಕ್ಕೆ ತೋಟದಿಂದಲೇ ತಂದ ನಾರಿನ ಪುಡಿ. ಹೊರದೇಶದವರು ಗೋಧಿ ಹೊಲ ತೋರಿಸೋಕೆ ಕಾಯರ್ ಮ್ಯಾಟ್ ಕತ್ತರಿಸಿ ಅಂಟಿಸ್ತಾರೆ, ನಮಗೆ ಅದು ಬಿಟ್ಟಿ. ಒಂದು ಮರಕ್ಕೆ ಒಂದು ಸಂಜೆ. ಇಲ್ಲಿಗೆ ಮೂವತ್ತೊಂದಾಗಿದೆ. ಅಪ್ಪ ಬಂದಾಗ ನೋಡಿ, "ಎಲ್ಲಾ ನೆಟ್ಟಗೆ ನಿಂತಿದಾವಲ್ಲೋ, ಗಾಳಿ ಕಂಡಿಲ್ವಾ ಇವು?" ಅಂದ್ರು. ಹೌದು, ಬದುವಿನ ಸಾಲಿನ ಮರ ಬೆಳಕಿನ ಕಡೆಗೆ ಬಾಗಿರುತ್ತೆ. ಆರು ಮರ ಅವರೇ ಬಗ್ಗಿಸಿ ಕೊಟ್ಟರು.

ಅಪ್ಪನಿಂದ ಗೊತ್ತಾಗಿದ್ದು ಅಷ್ಟೇ ಅಲ್ಲ. ಅವರ ಕಾಲದ ಸ್ಟೇಷನ್ನಿನಲ್ಲಿ ನೀರಿನ ತೊಟ್ಟಿ ಯಾವ ಕಡೆ ಇತ್ತು, ಪ್ಲಾಟ್‌ಫಾರಂ ನೆಲದಿಂದ ಎಷ್ಟು ಎತ್ತರ, ಬೋಗಿ ಹತ್ತೋಕೆ ಹೆಂಗಸರು ಎಷ್ಟು ಒದ್ದಾಡ್ತಿದ್ರು, ಕಾಯಿ ಚೀಲ ಎಲ್ಲಿ ಪೇರಿಸ್ತಿದ್ರು, ಇದ್ಯಾವುದೂ ನನಗೆ ಪುಸ್ತಕದಲ್ಲಿ ಸಿಕ್ಕಿಲ್ಲ. ಇಂಜಿನ್ನಿನ ಅಳತೆ ಸಿಗುತ್ತೆ, ಮ್ಯೂಸಿಯಮ್ಮಿನಲ್ಲಿ ನಿಂತಿದೆ. ಸ್ಟೇಷನ್ನಿನ ಅಳತೆ ಸಿಗಲ್ಲ. ಅದು ಎಪ್ಪತ್ತರ ಆಸುಪಾಸಿನ ಕೆಲವರ ತಲೆಯೊಳಗೆ ಮಾತ್ರ ಇದೆ, ಅಪ್ಪ ಹೇಳೋದಕ್ಕೂ ನಮ್ಮ ದೊಡ್ಡಪ್ಪ ಹೇಳೋದಕ್ಕೂ ತಾಳೆಯಾಗಲ್ಲ. ತೊಟ್ಟಿ ತಿಪಟೂರು ದಿಕ್ಕಿಗಿತ್ತು ಅಂತ ಒಬ್ಬರು, ಗುಬ್ಬಿ ದಿಕ್ಕಿಗೆ ಅಂತ ಇನ್ನೊಬ್ಬರು. ದೊಡ್ಡಪ್ಪನಿಗೆ ಹೋದ ವರ್ಷದಿಂದ ಮರೆವು ಜಾಸ್ತಿಯಾಗಿದೆ. ಹಾಗಾಗಿ ಬೋರ್ಡಿನ ಮೇಲೆ ತೊಟ್ಟಿಯನ್ನ ಇನ್ನೂ ಅಂಟಿಸಿಲ್ಲ.

ಬಾಣಸಂದ್ರ, ಅಮ್ಮಸಂದ್ರ, ಕರಡಿ, ಅರಳಗುಪ್ಪೆ, ತಿಪಟೂರು, ಈ ಕಡೆಯ ಯಾವ ಸ್ಟೇಷನ್ನಾದರೂ ಸರಿ, 1990ಕ್ಕೆ ಮುಂಚಿನ ಫೋಟೋ ನಿಮ್ಮ ಮನೆಯ ಟ್ರಂಕಿನಲ್ಲಿ ಇದ್ದರೆ ದಯವಿಟ್ಟು ಫೋನಿನಲ್ಲಿ ಒಂದು ಕ್ಲಿಕ್ ತೆಗೆದು ಪತ್ರಿಕೆಗೆ ಕಳಿಸಿ. ಮದುವೆ ದಿಬ್ಬಣದವರು ಸಾಲಾಗಿ ನಿಂತಿರೋ ಫೋಟೋನೂ ಆಗುತ್ತೆ. ಅವರ ಹಿಂದೆ ಸಿಗ್ನಲ್ ಕಂಬವೋ ತೊಟ್ಟಿಯ ಒಂದು ಕಾಲೋ ಕಂಡರೆ ನನಗೆ ಸಾಕು.