ರಾಯಣ್ಣನ ಜೋಡಿ ಪುಣೆಯಲ್ಲಿದ್ದಾನೆ!

ಬೆಳಗಾವಿ ಕಡೆ ಪ್ರತಿಮೆ ಗಲಾಟೆ ಎದ್ದಾಗಲೆಲ್ಲ ಪುಣೆಯಲ್ಲಿರೋ ನಮ್ಮಂಥವರಿಗೆ ಆಫೀಸಿನಲ್ಲಿ ಈ ಪ್ರಶ್ನೆ ತಪ್ಪಿದ್ದಲ್ಲ: "ಹಾ ರಾಯಣ್ಣಾ ಕೋಣ?" 2020ರಲ್ಲಿ ಪೀರನವಾಡಿ, 2021ರಲ್ಲಿ ಅನಗೋಳ. ಪ್ರತಿ ಸಲವೂ ಶಿವಾಜಿ ಒಂದು ಕಡೆ, ರಾಯಣ್ಣ ಇನ್ನೊಂದು ಕಡೆ. ನನ್ನ ಪ್ರಕಾರ ಈ ಜೋಡಿಯೇ ತಪ್ಪು. ಶಿವಾಜಿ ತೀರಿಕೊಂಡದ್ದು 1680ರಲ್ಲಿ, ರಾಯಣ್ಣ ಹುಟ್ಟಿದ್ದು 1798ರಲ್ಲಿ. ಇಬ್ಬರಿಗೆ ಎತ್ತಣ ಜಗಳ?

ಸಂಗೊಳ್ಳಿಯ ಈ ಕುರುಬರ ಹುಡುಗ ಕಿತ್ತೂರಿನ ಶೇತಸನದಿ. ಅಂದರೆ ಸಂಸ್ಥಾನದ ಚಾಕರಿ ಮಾಡಿ, ಅದಕ್ಕೆ ಕೊಟ್ಟ ಹೊಲ ಉಣ್ಣುವವ. 1824ರಲ್ಲಿ ಕಿತ್ತೂರು ಬಿತ್ತು. ಕಂಪನಿ ಸರ್ಕಾರ ಅವನ ಹೊಲದಲ್ಲಿ ಬಹುಪಾಲು ಕಿತ್ತುಕೊಂಡು, ಉಳಿದದ್ದಕ್ಕೆ ಭಾರೀ ಕಂದಾಯ ಹೇರಿತು. ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲೇ ತೀರಿಕೊಂಡಳು. ರಾಯಣ್ಣ ಜನ ಕಟ್ಟಿದ, ಖಜಾನೆ ದೋಚಿದ, ಬೀಡಿಯ ಕಚೇರಿಗೆ ಬೆಂಕಿ ಇಟ್ಟ. ಮೂವತ್ತು ವರ್ಷ ಲೆಜರ್ ನೋಡಿದ ನನಗೆ ದಫ್ತರ ಸುಡೋದು ಅಂದರೆ ಎದೆ ಝಲ್ ಅನ್ನುತ್ತೆ. ಆದರೆ ಆ ದಫ್ತರದಲ್ಲೇ ಅಲ್ವೇ ಅವನ ಹೊಲ ಕಂಪನಿ ಹೆಸರಿಗೆ ಏರಿದ್ದು? ಕಾಗದಕ್ಕೆ ಬಂದೂಕಿಗಿಂತ ಬಲ ಜಾಸ್ತಿ ಅಂತ ಅವನಿಗೆ ಗೊತ್ತಿತ್ತು. 1830ರಲ್ಲಿ ತಮ್ಮವರೇ ಹಿಡಿದುಕೊಟ್ಟರು. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲು. ಅಲ್ಲಿನ ಆಲದ ಮರಕ್ಕೆ ಮಕ್ಕಳಿಲ್ಲದವರು ಇವತ್ತಿಗೂ ಹರಕೆ ಹೊತ್ತು ತೊಟ್ಟಿಲು ಕಟ್ಟುತ್ತಾರೆ.

ಈಗ ಪುಣೆಗೆ ಬನ್ನಿ. ಪುರಂದರ ತಾಲೂಕಿನ ಭಿವಡಿಯವ ಉಮಾಜಿ ನಾಯಿಕ. ಜಾತಿಯಲ್ಲಿ ರಾಮೋಶಿ, ಕೋಟೆ ಕಾಯುವ ಮನೆತನ. 1818ರಲ್ಲಿ ಪೇಶ್ವಾಯಿ ಮುಗಿದ ಮೇಲೆ ಎಷ್ಟೋ ರಾಮೋಶಿಗಳ ಕಾವಲಿನ ಕೆಲಸವೂ ಹೋಯಿತು, ಅದರ ಉಂಬಳಿಯೂ ಹೋಯಿತು. ಉಮಾಜಿ ಗುಡ್ಡ ಹತ್ತಿದ. ಕಂಪನಿಯವರು 1828ರಲ್ಲಿ ಮಾಫಿ ಕೊಟ್ಟು, ಪಗಾರ ಕೊಟ್ಟು ಸುಮ್ಮನಿರಿಸಲು ನೋಡಿದರು (ಬಾಕಿದಾರನನ್ನೇ ವಸೂಲಿಗೆ ಹಚ್ಚಿದಂಗೆ!). ಆಗಲಿಲ್ಲ, ಮತ್ತೆ ತಿರುಗಿಬಿದ್ದ. ಅವನನ್ನೂ ಹಿಡಿಸಿದ್ದು ತಮ್ಮವರೇ. 1832ರ ಫೆಬ್ರವರಿ 3ರಂದು ಇದೇ ಪುಣೆಯಲ್ಲಿ ಗಲ್ಲಿಗೇರಿಸಿದರು. ರಾಯಣ್ಣ ಹೋಗಿ ಬರೀ ಒಂದು ವರ್ಷ ಎಂಟು ದಿನ.

ಅದಕ್ಕೇ ಈಗ ಯಾರಾದರೂ ಕೇಳಿದರೆ, "ರಾಯಣ್ಣ ಅಂದರೆ ನಮ್ಮ ಕಡೆಯ ಉಮಾಜಿ" ಅಂತೀನಿ. ಮರಾಠಿ ಮಂದಿಗೆ ಥಟ್ಟನೆ ತಿಳೀತದೆ. ಆದರೆ ನಮ್ಮವರಿಗೇ ಉಮಾಜಿ ಗೊತ್ತಿಲ್ಲ, ಹತ್ತಾರು ವರ್ಷ ಇಲ್ಲೇ ಅನ್ನ ತಿಂದರೂ!

ಶುಕ್ರವಾರ ಪೇಠೆಯ ಖಡಕಮಾಳ ಆಳಿಯಲ್ಲಿ, ಮಾಮಲೇದಾರ ಕಚೇರಿಯ ಆವರಣದಲ್ಲಿ ಅವನ ಸ್ಮಾರಕ ಇದೆ. ಬರುವ ಫೆಬ್ರವರಿ 3ಕ್ಕೆ ನಮ್ಮ ಕನ್ನಡದವರ ಕಡೆಯಿಂದ ಒಂದು ಹಾರ ತಗೊಂಡು ಹೋಗೋಣ ಅಂತಿದ್ದೀನಿ. ಯಾರ್‍ಯಾರು ಬರ್ತೀರಿ, ಹೇಳಿ.